ಪಾದದ ನಾಡಿ

ಕಾವೇರಿ ದಂಡೆಯ ನಮ್ಮ ರುದ್ರಪಟ್ಟಣ ಸಂಗೀತದ ಊರು. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಇಲ್ಲೇ. ತಾಳ ಹಾಕಲು ಬಾರದ ಮಕ್ಕಳು ಇಲ್ಲಿ ಕಡಿಮೆ. ಆದರೆ ಪಾದದಲ್ಲೂ ಒಂದು ನಾಡಿ ಮಿಡಿಯುತ್ತದೆಂದು ನನಗೆ ತಿಳಿದದ್ದು ಚಿಕ್ಕಪ್ಪನ ಕಾಲು ಹೋದ ಮೇಲೆ.

ಟ್ರ್ಯಾಕ್ಟರ್ ಮಗುಚಿ ಅವರ ಮಂಡಿಯ ಕೀಲು ತಪ್ಪಿತ್ತು. ರಕ್ತ ಹೆಚ್ಚು ಹೋಗಿರಲಿಲ್ಲ, ಹಾಗಾಗಿ ನಾವು ಗಾಬರಿಯಾಗಲಿಲ್ಲ. ನಾಟಿ ಪಟ್ಟು ಕಟ್ಟಿಸಿ, ಬೆಳಗ್ಗೆ ಆಸ್ಪತ್ರೆಗೆ ಹೋದರಾಯಿತು ಅಂದುಕೊಂಡೆವು. ರಾತ್ರಿ ಚಿಕ್ಕಪ್ಪ, "ಪಾದ ತಣ್ಣಗಾಗ್ತಿದೆ ಕಣೋ" ಅಂದರು. ಕಂಬಳಿ ಹೊದಿಸಿದೆ.

ಅರಕಲಗೂಡು ದಾಟಿ ಹಾಸನ ಸೇರುವಷ್ಟರಲ್ಲಿ ಬೆರಳುಗಳು ಕಪ್ಪಾಗಿದ್ದವು. ವೈದ್ಯರು ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಸಿಗಲಿಲ್ಲ. ಮಂಡಿಯ ಹಿಂದಿನ ರಕ್ತನಾಳ ಹರಿದಿತ್ತು. ಮಂಡಿಯ ಮೇಲಕ್ಕೆ ಕಾಲು ತೆಗೆದರು.

ಆಮೇಲೆ ಓದತೊಡಗಿದೆ. ಎರಡನೇ ಮಹಾಯುದ್ಧದಲ್ಲಿ ಇದೇ ನಾಳಕ್ಕೆ ಪೆಟ್ಟಾದ ಅಮೆರಿಕದ ಸೈನಿಕರಲ್ಲಿ ನೂರಕ್ಕೆ ಸುಮಾರು 73 ಮಂದಿ ಕಾಲು ಕಳೆದುಕೊಂಡಿದ್ದರು. 1946ರಲ್ಲಿ ಡಿಬೇಕಿ ಮತ್ತು ಸಿಮಿಯೋನ್ ಕೊಟ್ಟ ಲೆಕ್ಕ ಅದು. ಆಗ ಹರಿದ ನಾಳವನ್ನು ಬಿಗಿದು ಕಟ್ಟಿಬಿಡುವುದೇ ರೂಢಿ. ಕೊರಿಯಾ ಯುದ್ಧದಲ್ಲಿ ಅದನ್ನು ಹೊಲಿದು ಸರಿಪಡಿಸತೊಡಗಿದಾಗ ಸಂಖ್ಯೆ ಸುಮಾರು 32ಕ್ಕೆ ಇಳಿಯಿತು. ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಬೇಗ ತಂದದ್ದೂ ನೆರವಾಯಿತು. ರಕ್ತ ಸಿಗದ ಸ್ನಾಯು ತಾಳುವುದು ಸುಮಾರು 6 ಗಂಟೆ ಮಾತ್ರ.

ಆ 6 ಗಂಟೆಗಳನ್ನು ನಾನು ಕಂಬಳಿಯಡಿ ಮುಚ್ಚಿಟ್ಟಿದ್ದೆ.

ಚಿಕ್ಕಪ್ಪ ನನ್ನನ್ನು ಬೈದಿಲ್ಲ. ಈಗಲೂ ಸಂಜೆ ಉಳಿದ ತೊಡೆಯ ಮೇಲೆ ತಾಳ ಹಾಕುತ್ತಾ ಹಾಡುತ್ತಾರೆ. ಊರಲ್ಲಿ ಯಾರು ಬಿದ್ದು ಕಾಲಿಗೆ ಪೆಟ್ಟಾದರೂ ನಾನು ಮೊದಲು ಪಾದ ಮುಟ್ಟಿ ನೋಡುತ್ತೇನೆ. ತಣ್ಣಗಿದ್ದರೆ ಕಂಬಳಿ ಹುಡುಕುವುದಿಲ್ಲ, 108ಕ್ಕೆ ಫೋನ್ ಮಾಡುತ್ತೇನೆ.