ಒಂದು ‘ಅಂತ’ ಮರೆತದ್ದಕ್ಕೆ

ಗೋಕಾಕ, ಮೂಡಲಗಿ, ಹುಕ್ಕೇರಿ: ಬೀಸುಕಲ್ಲಿನ ಪದಗಳ ಧ್ವನಿಮುದ್ರಣಗಳನ್ನು ತಾಲ್ಲೂಕಿಗೊಂದು ಫೋಲ್ಡರಿನಲ್ಲಿ ಇಟ್ಟಿದ್ದೆ. ಪ್ರತಿ ರಾತ್ರಿ ಬಿಲ್ಡ್ ಸ್ಕ್ರಿಪ್ಟ್ ಅವನ್ನು ಜೋಡಿಸಿ, ಬೇಡದ ಫೋಲ್ಡರ್ ಅಳಿಸುತ್ತಿತ್ತು. ಅಂದು ಅಳಿಸಬೇಕಿದ್ದದ್ದು ‘ಗೋಕಾಕ ಫಾಲ್ಸ್’ ಎಂಬ ಪರೀಕ್ಷಾ ಫೋಲ್ಡರ್. ಆ ಹೆಸರು ಹೊತ್ತ ವೇರಿಯಬಲ್‌ಗೆ ನಾನು ಕೋಟ್ ಹಾಕಿರಲಿಲ್ಲ. ಖಾಲಿ ಜಾಗ ಕಂಡಲ್ಲಿ ಶೆಲ್ ಮಾತು ಮುರಿಯುತ್ತದೆ. ಅದಕ್ಕೆ ಕೇಳಿಸಿದ್ದು ಎರಡು ಹೆಸರು. ಗೋಕಾಕ ಪೂರ್ತಿ ಹೋಯಿತು. ಅದರಲ್ಲಿ ಹಾಡಿದ್ದ ಒಬ್ಬ ಅಜ್ಜಿ ಈಗಿಲ್ಲ.

ಈಗ ಡಬಲ್ ಕೋಟ್ ಹಾಕುತ್ತೇನೆ: ಡಾಲರ್ ಚಿಹ್ನೆ ವೇರಿಯಬಲ್‌ನ ಬೆಲೆ ತರುತ್ತದೆ, ಹೆಸರು ಒಡೆಯುವುದಿಲ್ಲ. ಸಿಂಗಲ್ ಕೋಟಿನೊಳಗಾದರೆ ಡಾಲರೂ ಬರಿ ಅಕ್ಷರ. ಅಜ್ಜಿ ಯಾರದೇ ಮಾತು ಹೇಳಿದರೂ ಕೊನೆಗೆ ‘ಅಂತ’ ಸೇರಿಸುತ್ತಿದ್ದರು. ಅವರ ಮಾತೆಲ್ಲಿ ಮುಗಿಯಿತು ಎಂದು ತಿಳಿಯುತ್ತಿತ್ತು. ಆ ‘ಅಂತ’ವನ್ನೇ ನಾನು ಬರೆದಿರಲಿಲ್ಲ.