ಏನೂ ಆಗಲಿಲ್ಲ

ಮನೆಗೆ ಬಂದವರು ಯಾರಾದರೂ ಲಡಾಖ್ ಅಂದರೆ ಸಾಕು, ನನ್ನ ಮಾರ್ಖಾ ಕಣಿವೆಯ ಕಥೆ ಶುರು. ‘ಇವಳೂ ಕೊಂಗ್ಮಾರು ಲಾ ದಾಟಿದಳು ಗೊತ್ತಾ? 5,200 ಮೀಟರಿಗೂ ಮೇಲೆ. ಬೆನ್ನ ಮೇಲೆ ಬ್ಯಾಗು ಹೊತ್ಕೊಂಡು!’ ಅನ್ನುವಾಗ ದಾಟಿದವನು ನಾನೊಬ್ಬನೇ ಅನ್ನುವಷ್ಟು ಎದೆ ಉಬ್ಬುತ್ತದೆ. ಹೆಂಡತಿ ಅಲ್ಲೇ ಕೂತು ಬಂದವರ ತಟ್ಟೆಗೆ ಚಕ್ಕುಲಿ ಹಾಕುತ್ತಿರುತ್ತಾಳೆ. ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ. ಅದನ್ನು ನಾನು ಇಷ್ಟು ದಿನ ಸಂಕೋಚ ಅಂದುಕೊಂಡಿದ್ದೆ.

ನಿಜ ಹೇಳಬೇಕೆಂದರೆ ಬೆಂಗಳೂರಿನ ನಮ್ಮ ಮನೆಯ ಹಾಲ್‌ನಿಂದಲೇ ಶುರುಮಾಡಬೇಕು. ವಿಮಾನದ ಲಗೇಜು ತೂಗುವ ಕೊಕ್ಕೆ ತಕ್ಕಡಿ ಹಿಡಿದು ನಾನು ಪ್ರತಿ ಸಾಮಾನನ್ನೂ ತೂಗಿ ಎಕ್ಸೆಲ್‌ನಲ್ಲಿ ಬರೆದಿದ್ದೆ. ಟೂತ್‌ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕುಯ್ದಿದ್ದೆ, ಅದೇನೋ ದೊಡ್ಡ ವಿದ್ಯೆ ಅನ್ನುವ ಹಾಗೆ. ಅವಳ ಬ್ಯಾಗಿನಿಂದ ಒಂದೊಂದಾಗಿ ತೆಗೆದೆ: ಅವಳಮ್ಮ ಕೊಟ್ಟ ಮಾಗಳಿ ಬೇರಿನ ಉಪ್ಪಿನಕಾಯಿ, ಎರಡನೇ ಸ್ವೆಟರು, ರಬ್ಬರಿನ ಬಿಸಿನೀರಿನ ಬ್ಯಾಗು. ‘ಅದೊಂದು ಇರ್ಲಿ ರೀ, ಚಳೀಲಿ ಬೇಕಾಗುತ್ತೆ’ ಅಂದಳು. ‘ಮುನ್ನೂರ ಹತ್ತು ಗ್ರಾಂ ಕಣೇ’ ಅಂದೆ. ನನ್ನ ಟ್ರೈಪಾಡು, ಉದ್ದನೆ ಲೆನ್ಸು ಸೇರಿ ಎರಡು ಕಿಲೋ ಮುನ್ನೂರು ಗ್ರಾಂ. ಪಟ್ಟಿಯಲ್ಲಿ ಅವು ‘ಇತರೆ’ ಅನ್ನುವ ಸಾಲಿನಲ್ಲಿದ್ದವು.

ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಬಿದ್ದುಕೊಂಡೆವು, 3,500 ಮೀಟರಿಗೆ ಮೈ ಒಗ್ಗಲಿ ಅಂತ. ಆಮೇಲೆ ಚಿಲ್ಲಿಂಗ್, ಸ್ಕಿಯು, ಮಾರ್ಖಾ. ದಾರಿಯುದ್ದಕ್ಕೂ ಬೋಳು ಗುಡ್ಡ, ನೀರು ಹರಿದಲ್ಲಿ ಮಾತ್ರ ಬಾರ್ಲಿಯ ಹಸಿರು. ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆ ಸಿಕ್ಕಿದಾಗ ಅದನ್ನು ಬಲಕ್ಕೆ ಬಿಟ್ಟು ನಡೆಯಬೇಕು, ನಮ್ಮ ಪ್ರದಕ್ಷಿಣೆಯ ಹಾಗೆ. ಅದನ್ನು ಓದಿಕೊಂಡು ಹೋಗಿದ್ದೆ. ಒಂದು ಗೋಡೆಯನ್ನೂ ತಪ್ಪು ಮಗ್ಗುಲಲ್ಲಿ ದಾಟಲಿಲ್ಲ.

ಈ ಕಣಿವೆಯಲ್ಲಿ ಟೆಂಟು ಹೊರುವ ಅಗತ್ಯವೇ ಇಲ್ಲ. ಹಿಮಚಿರತೆ ಕುರಿ ಹಿಡಿದರೆ ಊರವರಿಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟು ಚಿರತೆಯ ಜೀವ ತೆಗೆಯದಿರಲಿ, ಮನೆಗೆ ನಾಲ್ಕು ಕಾಸೂ ಬರಲಿ ಅಂತ ಶುರುವಾದ ಹೋಮ್‌ಸ್ಟೇಗಳು ಊರೂರಲ್ಲಿವೆ. ಕುಮಾರಪರ್ವತವನ್ನು ಎರಡು ಸಲ ಹತ್ತಿದ ಗರ್ವ ನನ್ನದು. ನಮ್ಮ ಟೆಂಟು, ನಮ್ಮ ಸ್ಟೌ, ನಮ್ಮ ಮ್ಯಾಗಿ ಅಂತ ಹಟ ಹಿಡಿದೆ. ಹಂಕರ್ ಊರಿನಲ್ಲಿ ಟೆಂಟು ಹಾಕಲು ಜಾಗ ಕೊಟ್ಟ ಮನೆಯವರ ಹತ್ತಿರ ಬಾಡಿಗೆಗೂ ಚೌಕಾಸಿ ಮಾಡಿದೆ ಅನ್ನುವುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಆ ಸಂಜೆ ಇವಳು ಸದ್ದಿಲ್ಲದೆ ಆ ಮನೆಯ ಅಡುಗೆಕೋಣೆ ಸೇರಿಬಿಟ್ಟಳು. ಹುಡುಕಿಕೊಂಡು ಹೋದೆ. ಗೋಡೆಗೆ ಹಿತ್ತಾಳೆ, ತಾಮ್ರದ ಪಾತ್ರೆಗಳ ಸಾಲು, ನಡುವೆ ಸಗಣಿ ಬೆರಣಿ ಉರಿಯುವ ಕಬ್ಬಿಣದ ಒಲೆ. ಮನೆಯಾಕೆ ಹಿಟ್ಟಿನ ಚೂರನ್ನು ಹೆಬ್ಬೆರಳಲ್ಲಿ ಒತ್ತಿ ಕಿವಿಯ ಆಕಾರ ಮಾಡಿ ಹಾಕುತ್ತಿದ್ದಳು. ಆಲೂಗಡ್ಡೆ, ಗಜ್ಜರಿಯ ಜೊತೆ ಬೇಯುವ ಅದಕ್ಕೆ ಸ್ಕ್ಯೂ ಅನ್ನುತ್ತಾರೆ. ಇವಳೂ ಒತ್ತುತ್ತಿದ್ದಳು. ಇಬ್ಬರ ನಡುವೆ ‘ಜುಲೇ’ ಅನ್ನುವ ಅಲ್ಲಿನ ನಮಸ್ಕಾರ ಬಿಟ್ಟರೆ ಒಂದೇ ಒಂದು ಮಾತಿಲ್ಲ. ನನ್ನನ್ನು ಕಂಡು ಆಕೆ ಹಿಟ್ಟಿನ ಕೈಯನ್ನು ಇವಳ ಹಣೆಯ ಹತ್ತಿರ ತಂದು, ಆಮೇಲೆ ತನ್ನ ತಲೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿದು ತೋರಿಸಿದಳು. ನಾನು ನಕ್ಕು ಜುಲೇ ಅಂದೆ. ಅರ್ಥವಾಗಲಿಲ್ಲ ಅಂತ ನಟಿಸಲು ಭಾಷೆ ಬಾರದಿರುವುದು ಎಷ್ಟು ಅನುಕೂಲ!

ಮರುದಿನ ನಿಮಾಲಿಂಗ್. ಹುಲ್ಲುಗಾವಲು, ಮೇಲೆ ಕಾಂಗ್ ಯಾತ್ಸೆಯ ಹಿಮ, ಸಂಜೆ ಕುರಿಮಂದೆ ಇಳಿದು ಬರುವ ಚೆಂದ. ಅದನ್ನೆಲ್ಲ ಬಹಳ ಸಲ ವರ್ಣಿಸಿದ್ದೇನೆ, ಇಲ್ಲಿ ಬಿಡುತ್ತೇನೆ. ಹಂಕರ್‌ನಿಂದ ಒಂದೇ ದಿನಕ್ಕೆ ಏಳುನೂರು ಮೀಟರಿಗೂ ಹೆಚ್ಚು ಏರಿದ್ದೆವು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ತಲೆನೋವಿದ್ದರೆ ಮೇಲೆ ಹತ್ತಲೇಬಾರದು. ಈ ಎರಡೂ ನಿಯಮಗಳು ನನ್ನ ಎಕ್ಸೆಲ್‌ನ ಕೊನೆಗೆ ದಪ್ಪ ಅಕ್ಷರದಲ್ಲಿದ್ದವು. ಆ ರಾತ್ರಿ ಅವಳು ಏನೂ ತಿನ್ನಲಿಲ್ಲ. ಹಿಂದಿರುಗಿದರೆ ವಿಮಾನ ತಪ್ಪುತ್ತಿತ್ತು. ‘ಸ್ವಲ್ಪ ತಲೆನೋವು, ಅಷ್ಟೇ ಅಲ್ವಾ?’ ಅಂದೆ. ‘ಹೂಂ’ ಅಂದಳು. ನನಗೆ ಆ ಹೂಂ ಬೇಕಿತ್ತು.

ಬೆಳಿಗ್ಗೆ ಕೊಂಗ್ಮಾರು ಲಾ ಹತ್ತಿದೆವು. ನಾನು ಎಂದಿನಂತೆ ಮುಂದೆ. ಎರಡು ಸಲ ವಾಂತಿ ಮಾಡಿಕೊಂಡಳು, ಎರಡು ಸಲವೂ ನೀರಿನ ಬಾಟಲಿ ಕೊಟ್ಟು ಮುಂದೆ ನಡೆದೆ. ಮೇಲೆ ಬಣ್ಣದ ಬಾವುಟಗಳ ಬಳಿ ಟ್ರೈಪಾಡು ನಿಲ್ಲಿಸಿ ಫೋಟೋ ತೆಗೆದೆ. ಅದರಲ್ಲಿ ಅವಳು ನಗುತ್ತಿದ್ದಾಳೆ. ಇಳಿಯುತ್ತಾ ಇಳಿಯುತ್ತಾ ನೋವು ಹೋಯಿತು, ಸಂಜೆ ಪ್ಯಾರಾಶೂಟ್ ಬಟ್ಟೆಯ ಟೆಂಟಂಗಡಿಯಲ್ಲಿ ಎರಡು ಲೋಟ ಚಹಾ ಕುಡಿದಳು. ಏನೂ ಆಗಲಿಲ್ಲ.

ಈ ‘ಏನೂ ಆಗಲಿಲ್ಲ’ ನನ್ನನ್ನು ಚೆನ್ನಾಗಿ ಸಾಕಿತು. ಅಷ್ಟು ಎತ್ತರದಲ್ಲಿ ಮಿದುಳಿಗೆ ಬಾವು ಬಂದು ಜೀವ ಹೋಗುತ್ತದೆ ಅನ್ನುವುದು ಗೊತ್ತಿದ್ದೂ ಅವಳನ್ನು ಜೂಜಿಗೆ ಇಟ್ಟಿದ್ದೆ. ಗೆದ್ದೆ ನೋಡಿ, ಹಾಗಾಗಿ ಅದು ಜೂಜು ಅನ್ನಿಸಲಿಲ್ಲ, ಸಾಹಸ ಅನ್ನಿಸಿತು. ಆ ಫೋಟೋಗೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದೆ.

ಕಳೆದ ತಿಂಗಳು ನೆಂಟರ ಹುಡುಗನೊಬ್ಬ, ಹೊಸದಾಗಿ ಮದುವೆಯಾದವನು, ಅದೇ ದಾರಿ ಕೇಳಿಕೊಂಡು ಬಂದ. ನಾನು ಶುರುಮಾಡಿದೆ. ಚಕ್ಕುಲಿ ಡಬ್ಬ ಮುಚ್ಚುತ್ತಾ ಇವಳು ಅವನಿಗೆ ಹೇಳಿದಳು: ‘ಕೊನೆಯ ಏರಲ್ಲಿ ನಂಗೆ ಕಾಲು ಎಲ್ಲಿ ಇಡ್ತಿದೀನಿ ಅಂತ್ಲೇ ಗೊತ್ತಾಗ್ತಿರ್ಲಿಲ್ಲ ಕಣಪ್ಪ. ಕಲ್ಲು ಹಿಡ್ಕೊಂಡು ಹತ್ತಿದೆ.’

ಹುಡುಗ ಹೋದ ಮೇಲೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

‘ನೀವು ಅಷ್ಟೇ ಅಲ್ವಾ ಅಂದ್ರಿ. ಹೂಂ ಅಂದೆ’ ಅಂದಳು. ಸಿಟ್ಟಿರಲಿಲ್ಲ.

ರಾತ್ರಿ ಆ ಹಳೇ ಎಕ್ಸೆಲ್ ತೆಗೆದು ನೋಡಿದೆ. ಬಿಸಿನೀರಿನ ಬ್ಯಾಗಿನ ಸಾಲು ಕೆಂಪಗೆ ಹೊಡೆದುಹಾಕಿದೆ. ಪಕ್ಕದಲ್ಲಿ ಕಾರಣ ಬರೆಯುವ ಖಾನೆಯಲ್ಲಿ ನಾನೇ ಬರೆದದ್ದು: ಅನಗತ್ಯ.