ಮೊಳೆಯೂ ನಿಂಬೆಯ ಹುಳಿಯೂ

ಕಲ್ಲುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿ, ಒಂದೊಂದರ ಮುಂದೆಯೂ ಚೀಟಿಯಂಟಿಸಿ, ಆ ಚೀಟಿಗಳನ್ನು ಮಕ್ಕಳಿಂದ ಕಂಠಪಾಠ ಮಾಡಿಸಿ, ಶಿಲಾಶಾಸ್ತ್ರವನ್ನು ಬೋಧಿಸಿದೆವೆಂದು ಸಂತುಷ್ಟರಾಗುವ ಉಪಾಧ್ಯಾಯರ ಮೇಲೆ ನನಗೆ ಸಾತ್ತ್ವಿಕವಾದೊಂದು ಕೋಪವುಂಟು. ನಾಮಕರಣವು ಎಲ್ಲಕ್ಕಿಂತ ಕೊನೆಗೆ ಆಗಬೇಕಾದ ಸಂಸ್ಕಾರ; ಅದಕ್ಕೆ ಮೊದಲು ಶಿಲೆಯನ್ನು ಎತ್ತಿ ತೂಗಿ, ಗೀರಿ, ತೋಯಿಸಿ, ಹುಳಿ ಹಿಂಡಿ ಅದರ ಸ್ವಭಾವವನ್ನು ಮಗುವೇ ಕೇಳಿ ತಿಳಿಯಬೇಕು. ಕಬ್ಬಿಣದ ಒಂದು ಮೊಳೆ, ಒಂದು ನಿಂಬೆಹಣ್ಣು, ಒಂದು ತಂಬಿಗೆ ನೀರು, ದೊರೆತರೆ ಒಂದು ಭೂತಗನ್ನಡಿ: ಇಷ್ಟೇ ಪರಿಕರಗಳೊಡನೆ ಆಳಂದ, ಅಫಜಲಪುರ, ಜೇವರ್ಗಿಗಳ ಬಯಲಿನಲ್ಲಿ ಹುಡುಗರ ಹಿಂಡನ್ನು ಕಟ್ಟಿಕೊಂಡು ಅಲೆಯುವುದು ನನ್ನ ವ್ಯಸನ.

ಆಳಂದದಲ್ಲಿ ಪಾಠ ಆರಂಭವಾಗುವುದು ಕರಿಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದ ನೆಲ ಬಿರಿದು, ಅಲೆಯ ಮೇಲೆ ಅಲೆಯಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸವೇ ಈ ಬಸಾಲ್ಟ್ ಶಿಲೆ. ಹಳ್ಳದ ದಂಡೆಯಲ್ಲಿ ಅದು ಈರುಳ್ಳಿಯಂತೆ ಸಿಪ್ಪೆ ಸಿಪ್ಪೆಯಾಗಿ ಬಿಡುವುದನ್ನು ಕಂಡ ಮಕ್ಕಳು, ಗಟ್ಟಿಯಾದುದೂ ಸವೆದು ಎರೆಮಣ್ಣಾಗಿ ತೊಗರಿ ಬೆಳೆಯಬಲ್ಲದೆಂಬುದನ್ನು ಸುಲಭವಾಗಿಯೇ ಒಪ್ಪುವರು. ಈ ಲಾವಾ ಎಷ್ಟು ಆಳವಿದೆಯೆಂಬ ಪ್ರಶ್ನೆ ಮಾತ್ರ ತಪ್ಪದೆ ಬರುತ್ತದೆ. ಆಗ ನಾನು ಗಡಿಯಾಚೆಯ ಕಿಲ್ಲಾರಿಯನ್ನು ನೆನೆಯುತ್ತೇನೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿ ಭೂಮಿ ನಡುಗಿದ ತರುವಾಯ ವಿಜ್ಞಾನಿಗಳು ಕೊರೆದ ಬಾವಿಯಲ್ಲಿ 338 ಮೀಟರ್‌ವರೆಗೂ ಲಾವಾಶಿಲೆಯೇ ಇದ್ದು, ಅದರಡಿಯಲ್ಲಿ ಬಹುಪುರಾತನವಾದ ನೈಸ್ ಶಿಲೆ ದೊರೆಯಿತು. ಆ ಭೂಕಂಪದ ಕಥೆಯನ್ನು ಮನೆಯ ಹಿರಿಯರ ಬಾಯಿಂದ ಕೇಳಿರುವ ಮಕ್ಕಳಿಗೆ ಈ ಅಂಕಿ ಬರಿಯ ಅಂಕಿಯಾಗಿ ಉಳಿಯುವುದಿಲ್ಲ.

ಅಫಜಲಪುರದ ಕಡೆ ನನಗೆ ಪ್ರಿಯವಾದುದು ನದೀತೀರ. ಗಾಣಗಾಪುರದಲ್ಲಿ ಭೀಮೆಯೂ ಅಮರ್ಜೆಯೂ ಕೂಡುವಲ್ಲಿ ಭಕ್ತರು ಮೀಯುತ್ತಿರಲು ನಾವು ದಂಡೆಯ ಹರಳುಗಳನ್ನು ಆಯುತ್ತಿರುತ್ತೇವೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ ಲಾವಾಭೂಮಿಯ ಮೇಲೆಯೇ ಹರಿದು ಬರುವ ಭೀಮೆ, ಲಾವಾದ ಗುಳ್ಳೆಗಳು ಬಿಟ್ಟುಹೋದ ಪೊಳ್ಳುಗಳಲ್ಲಿ ಬೆಳೆದ ಸ್ಫಟಿಕ, ಕ್ಯಾಲ್ಸೆಡನಿ, ಉಂಗುರಕ್ಕೆ ಕೂಡಿಸುವ ಹಕೀಕು ಮೊದಲಾದುವನ್ನು ಉರುಳಿಸಿ ತರುತ್ತಾಳೆ. ಮೊಳೆಯ ಪರೀಕ್ಷೆ ಇಲ್ಲಿಯೇ ನಡೆಯಬೇಕು. ಹಕೀಕಿನ ಮೇಲೆ ಮೊಳೆಯೆಳೆದಾಗ ಹೊಳೆಯುವ ಗೆರೆಯೊಂದು ಮೂಡುವುದು. ಕಲ್ಲು ಸೋತಿತೆಂದು ಹುಡುಗರು ಕೂಗುವರು. ಒದ್ದೆಬೆರಳಿನಿಂದ ಉಜ್ಜಿದೊಡನೆ ಆ ಗೆರೆ ಅಳಿಸಿಹೋಗುವುದು. ಸವೆದದ್ದು ಮೊಳೆ, ಕಲ್ಲಲ್ಲ! ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ರಚಿಸಿದ ಕಾಠಿಣ್ಯದ ಮಾನದಲ್ಲಿ ಹಕೀಕಿನ ಕುಲದ್ದೇ ಆದ ಸ್ಫಟಿಕಕ್ಕೆ ಏಳನೆಯ ಸ್ಥಾನವೆಂದೂ, ಮೊಳೆ ಅದಕ್ಕಿಂತ ಕೆಳಗಿನದೆಂದೂ ಆಮೇಲೆ ಹೇಳಿದರೆ ಸಾಕು.

ಜೇವರ್ಗಿಯ ಸೀಮೆಯಲ್ಲಿ ಲಾವಾದ ಪದರ ಅಲ್ಲಲ್ಲಿ ಮುಗಿದು, ಅದಕ್ಕಿಂತ ಎಷ್ಟೋ ಪ್ರಾಚೀನವಾದ ಸಮುದ್ರತಳದ ಸುಣ್ಣಶಿಲೆ ತಲೆದೋರುತ್ತದೆ. ಇದು ನಮ್ಮ ಮನೆಗಳಲ್ಲಿ ಹಾಸಿರುವ ಶಹಾಬಾದಿ ಫರಸಿಯ ಕುಲದ್ದೇ. ಈ ತಾಲೂಕಿನ ಹರವಾಳದ ಹೆಸರನ್ನು ಭೂವಿಜ್ಞಾನಿಗಳು ಒಂದು ಶಿಲಾಸ್ತರಕ್ಕೇ ಇಟ್ಟಿರುವರೆಂಬುದು ಆ ಊರಿನ ಮಕ್ಕಳಿಗೆ ಸಲ್ಲಬೇಕಾದ ಹೆಮ್ಮೆ. ಫರಸಿಯ ಚೂರಿನ ಮೇಲೆ ಗೀರಿ, ಉದುರಿದ ಪುಡಿಗೆ ನಿಂಬೆಯ ರಸ ಬಿಟ್ಟಾಗ ಬುರುಗೆದ್ದುದನ್ನು ನೋಡಿ, "ಸರ, ಕಲ್ಲ ಕುದಿಲಾಕತ್ತಾದ್ರಿ!" ಎಂದು ಒಬ್ಬಳು ಕೂಗಿದಳು, ಆ ಮಾತಿಗಿಂತ ಉತ್ತಮವಾದ ವ್ಯಾಖ್ಯಾನವನ್ನು ನಾನು ಇನ್ನೂ ಓದಿಲ್ಲ. ಸಮುದ್ರವೆಂದ ಮೇಲೆ ಶಂಖವೆಲ್ಲಿ, ಚಿಪ್ಪೆಲ್ಲಿ ಎಂದು ಅವರು ಹುಡುಕುವುದು ನ್ಯಾಯವೇ. ಚಿಪ್ಪುಳ್ಳ ಪ್ರಾಣಿಗಳು ಲೋಕದಲ್ಲಿ ಹುಟ್ಟುವ ಮುನ್ನವೇ ಆ ಸಮುದ್ರ ಕೆಸರನ್ನು ಪದರ ಪದರವಾಗಿ ಇಳಿಸಿ ಮುಗಿಸಿದ್ದಿತೆಂದಾಗ ಗುಂಪು ಒಮ್ಮೆ ಮೌನವಾಗುತ್ತದೆ.

ಇಷ್ಟರಲ್ಲಿ ಒಂದು ನಿಯಮ ಸಿದ್ಧವಾಗಿರುತ್ತದೆ: ಜೇವರ್ಗಿಯ ಕಲ್ಲು ಕುದಿಯುವುದು, ಆಳಂದದ್ದು ಕುದಿಯದು. ಆಗ ನಾನು ಆಳಂದದ ಎರೆಹೊಲದಿಂದಲೇ ಆಯ್ದ ಬಿಳಿಯ ಸುಣ್ಣದ ಹರಳೊಂದನ್ನು ಚೀಲದಿಂದ ತೆಗೆಯುತ್ತೇನೆ. ಅದರ ಮೇಲೆ ಹುಳಿ ಬಿದ್ದೊಡನೆ ಬುರುಗು! ಬಸಾಲ್ಟಿನಲ್ಲಿದ್ದ ಕ್ಯಾಲ್ಸಿಯಂ ಅಂಶವನ್ನು ಮಳೆನೀರು ಕರಗಿಸಿ ಮಣ್ಣೊಳಗೆ ಸುಣ್ಣವಾಗಿ ಕಟ್ಟಿತೆಂಬ ಉತ್ತರವನ್ನು ನಾನು ಆ ದಿನ ಬೇಕೆಂದೇ ಹೇಳುವುದಿಲ್ಲ. ಮಾರನೆಯ ದಿನ, ಅಡುಗೆಮನೆಯ ನಿಂಬೆಹಣ್ಣುಗಳು ಕಾಣೆಯಾದುವೆಂದು ತಾಯಂದಿರು ನನ್ನ ಮೇಲೆ ದೂರು ತರುವುದುಂಟು.